ಚುಕ್ಕೆ, ಗೀಟು

ಮುರ್ಮಾನ್ಸ್ಕಿನಲ್ಲಿ ಡಿಸೆಂಬರ್ ಬಂದರೆ ಸೂರ್ಯನಿಗೆ ರಜೆ.
ಮಧ್ಯಾಹ್ನ ಹನ್ನೆರಡಕ್ಕೆ ಆಕಾಶ ಒಮ್ಮೆ ನೀಲಿಯಾಗಿ ಕೆಮ್ಮಿ
ಮತ್ತೆ ಮುಸುಕೆಳೆದು ಮಲಗುತ್ತದೆ.

ಐದನೇ ಮಹಡಿಯ ನನ್ನ ಅಡುಗೆಮನೆ ಕಿಟಕಿ ಮಾತ್ರ
ನೇರಳೆ.
ದೀಪ ತಂದು ಕಟ್ಟಿದ ವಾರವೇ ಎದುರು ಕಟ್ಟಡದ ಶೆಸ್ತಕೋವ್
ಪೊಲೀಸರಿಗೆ ಫೋನು ಮಾಡಿದ:
ಮುದುಕಿ ಗಾಂಜಾ ಬೆಳೆಯುತ್ತಿದ್ದಾಳೆ.
ಬಂದವನು ಮೀಸೆ ಚಿಗುರದ ಹುಡುಗ.
ಬೂಟು ಬಿಚ್ಚಿಸಿದೆ, ಹದಿನಾಲ್ಕು ಕುಂಡ ತೋರಿಸಿದೆ, ಚಹಾ ಕೊಟ್ಟೆ.
ಹೊರಡುವಾಗ ಮೆಲ್ಲಗೆ ಕೇಳಿದ:
ನಮ್ಮಮ್ಮನ ಆರ್ಕಿಡ್ ಸಾಯ್ತಾ ಇದೆ,
ಪಾಪ, ದಿನಾ ನೀರು ಹಾಕ್ತಾಳೆ, ಆದರೂ...

ಅದಕ್ಕೇ, ಅಂದೆ.

ಎಲೆ ನೋಡಬೇಡ, ಬೇರು ನೋಡು.
ಬೆಳ್ಳಿ ಬಣ್ಣವಿದ್ದರೆ ಬಾಯಾರಿದೆ.
ಹಸಿರಿದ್ದರೆ ಸುಮ್ಮನಿರು.
ಸುಮ್ಮನಿರುವುದು ಬಲು ಕಷ್ಟದ ಕೆಲಸ. ನನಗೆ ರೂಢಿ.
ಇಪ್ಪತ್ತಾರು ವರ್ಷ ಮೀನು ಹಡಗಿನ ರೇಡಿಯೋ ಕೋಣೆಯಲ್ಲಿ
ಕಿವಿಯ ಮೇಲೆ ಕಪ್ಪು ಚಿಪ್ಪು ಕವುಚಿ
ಕೊರಕೊರ ಸದ್ದಿನೊಳಗೆ ಯಾರಾದರೂ ಇದ್ದಾರೆಯೇ ಎಂದು
ಕಾದವಳು.

ನೀರೆಂದರೆ ಬಾಲ್ಕನಿಯ ಹಿಮ, ಕರಗಿಸಿ, ರಾತ್ರಿಯಿಡೀ ಇಟ್ಟದ್ದು.
ತೊಗಟೆಯೆಂದರೆ ಕ್ಲಾವ್ದಿಯಾ ಕಂದಲಕ್ಷದಿಂದ
ಮೀನಿನ ಚೀಲದಲ್ಲಿ ತುಂಬಿ ತರುವ ಪೈನು,
ಮೂರು ಸಲ ಕುದಿಸಬೇಕು; ಕಾಡಿನ ರಾಳ ಮನೆಯ ಪರದೆಗಂಟಿ
ಸೂಪಿಗೂ ಅದೇ ವಾಸನೆ.
ಕಾಯುವ ಕೊಳವೆಯನ್ನು ಆರಿಸುವ ಅಧಿಕಾರ ನನಗಿಲ್ಲ,
ಅದು ಊರಿಗೆಲ್ಲ ಒಂದೇ. ಅದರ ಮೇಲೊಂದು ಹಳೇ ಕಂಬಳಿ.
ನೆತ್ತಿಯಲ್ಲಿ ನೀರು ನಿಲ್ಲಕೂಡದು:
ಹೋದ ವರ್ಷ ಹಳದಿಯದೊಂದು
ಒಂದೇ ಒಂದು ತೊಟ್ಟಿಗೆ ಕೊಳೆತು, ಹೂಗೊನೆ ಸಮೇತ ಕೈಗೆ ಬಂತು.

ನವೆಂಬರಿನಲ್ಲಿ, ಸ್ಟೇಷನ್ ಅಂಗಡಿಯ ಅರ್ಧ ಬೆಲೆಯ,
ಹೂವಿಲ್ಲದ, ಹೆಸರಿಲ್ಲದ ಗಿಡದ ಮೂರನೇ ಎಲೆಯ ಬುಡದಲ್ಲಿ
ಒಂದು ಹಸಿರು ಚುಕ್ಕೆ.
ಬೇರೋ? ಹೂಗೊನೆಯೋ?
ತುದಿ ಕೈಗವಸಿನಂತಿದ್ದರೆ ಹೂವು, ಅಂದಳು ಕ್ಲಾವ್ದಿಯಾ.
ಭೂತಗನ್ನಡಿ ಹಿಡಿದು ಇಬ್ಬರೂ ಬಗ್ಗಿದೆವು, ತಲೆಗೆ ತಲೆ ತಾಗಿತು.
ನಾನು ಹೂವಿನ ಪರ.
ಪಂದ್ಯ: ಒಂದು ಡಬ್ಬಿ ಕಾಡ್ ಮೀನಿನ ಲಿವರ್.

ಚುಕ್ಕೆ ಒಂದೇ ಇದ್ದರೆ ಒಂದಕ್ಷರ.
ಎಳೆದು ಗೀಟಾದರೆ ಬೇರೊಂದು.
ಎಂಬತ್ತೇಳರ ಮಾರ್ಚಿನಲ್ಲಿ, ಮಂಜಿನೊಳಗೆ,
ಮೂರು ನಲವತ್ತಕ್ಕೆ ಒಂದು ಚುಕ್ಕೆ ಕೇಳಿಸಿತು.
ಮತ್ತೆ ಕೂಗಿದೆ. ಮತ್ತೆ. ಬೆಳಗಾಗುವವರೆಗೆ.
ದಫ್ತರದಲ್ಲಿ ಬರೆದಿಟ್ಟೆ: ಒಂದು ಚುಕ್ಕೆ, ಗುರುತಿಲ್ಲ.
ಯಾವ ಹಡಗೂ ಕಾಣೆಯಾಗಲಿಲ್ಲ ಆ ವಾರ,
ಕೇಳಿ ತಿಳಿದೆ. ಆದರೂ
ಪಾತ್ರೆ ತೊಳೆಯುವಾಗ ಒಮ್ಮೊಮ್ಮೆ ಕೈ ನಿಲ್ಲುತ್ತದೆ.

ಜನವರಿಗೆ ಅದು ಬೆಳ್ಳಿ ಹೊದ್ದುಕೊಂಡಿತು.
ಬೇರು.
ಕ್ಲಾವ್ದಿಯಾ ಕಪ್ಪು ಬ್ರೆಡ್ಡಿನ ಮೇಲೆ ಈರುಳ್ಳಿ ಹಚ್ಚಿಟ್ಟು
ಇಡೀ ಡಬ್ಬಿ ಒಬ್ಬಳೇ ತಿಂದಳು. ನನಗೊಂದು ತುಣುಕೂ ಇಲ್ಲ.
ಬೇರು ಕುಂಡದ ಅಂಚು ದಾಟಿ, ಬರಿಗಾಳಿಯಲ್ಲಿ ಒಂದು ಗೇಣು ನಡೆದು
ಕಿಟಕಿಯ ಚೌಕಟ್ಟು ಮುಟ್ಟಿತು;
ಚಳಿಗೆ ತುರುಕಿದ ಹಳೇ ಪತ್ರಿಕೆ, ಎದ್ದ ಬಣ್ಣದ ಚಕ್ಕೆ,
ಅಲ್ಲಿ ಕಚ್ಚಿಕೊಂಡಿತು.
ಒರೆಸಲೆಂದು ಕುಂಡ ಎತ್ತಹೋದೆ. ಬರಲಿಲ್ಲ.
ಸರಿ. ಆ ಕಿಟಕಿ ಇನ್ನು ತೆರೆಯುವ ಹಾಗಿಲ್ಲ.

ಸೂರ್ಯ ಬರುವ ದಿನ ಊರೆಲ್ಲ ಗುಡ್ಡ ಹತ್ತಿ
ಬಿಸಿ ಬ್ಲಿನಿ ತಿನ್ನುತ್ತ ನಿಂತಿತ್ತು.
ನಾನು ಹೋಗಲಿಲ್ಲ, ಮಂಡಿ ನೋವು.
ನಿಜವಾದ ಬೆಳಕು ಗಾಜಿಗೆ ತಾಗೀತೇ ನೋಡೋಣವೆಂದು
ದೀಪ ಆರಿಸಿ ಕುಳಿತೆ.
ತಾಗಲಿಲ್ಲ; ನಮಗೆ ಗುಡ್ಡ ಅಡ್ಡ.
ಕತ್ತಲಾದರೂ ಏಳಲಾಗಲಿಲ್ಲ, ಹಾಗೇ ಕೂತಿದ್ದೆ.

ಬಾಗಿಲ ಮೇಲೆ ಬಡಿತ. ಒಂದು. ತಡೆದು, ಇನ್ನೊಂದು.
ಶೆಸ್ತಕೋವ್, ಏದುಸಿರು, ಟೊಪ್ಪಿಗೆಯ ಮೇಲೆ ಹಿಮ:
ದೀಪ ಯಾಕೆ ಆರಿದೆ?

ಬೂಟು ಬಿಚ್ಚು, ಅಂದೆ.